ಮಹಾಂತಮ್ಮನ ಒಪ್ಪಿಗೆ

ಆದವಾನಿಯ ಹತ್ತಿಪೇಟೆಯ ಹಿಂದಿನ ಓಣಿಯಲ್ಲಿದ್ದ ಮಹಾಂತಮ್ಮನ ಖಾನಾವಳಿಗೆ ಬೋರ್ಡು ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆಕೆಯ ಬಾಯಿ ಓಣಿಯ ತುದಿಗೇ ಕೇಳಿಸುತ್ತಿತ್ತು. ಗಾಡಿ ಬಿಟ್ಟು ಬಂದ ರೈತರು ಆ ದನಿಯ ಜಾಡು ಹಿಡಿದು ಬಂದು ಪಡಸಾಲೆಯಲ್ಲಿ ಸಾಲಾಗಿ ಕೂಡುತ್ತಿದ್ದರು. ಬಿಸಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಕಡೆಗೆ ಮಜ್ಜಿಗೆ. ಜೊತೆಗೆ ಬೈಗುಳ ಪುಕ್ಕಟೆ. "ರೊಟ್ಟಿ ಮುರಿಯಾಕ ಬರಂಗಿಲ್ಲ, ಹತ್ತಿ ಮಾರಾಕ ಬಂದಾನ ನೋಡ್ರಿ ಸಾವ್ಕಾರ" ಎಂದು ಅನ್ನಿಸಿಕೊಂಡವನೂ ಮುಂದಿನ ವಾರ ನಗುತ್ತ ಬಂದು ಅದೇ ಜಾಗದಲ್ಲಿ ಕೂಡುತ್ತಿದ್ದ.

ಆ ಬಾಯಿಯ ದೊಡ್ಡ ಪಾಲು ಸೊಸೆ ಎರ್ರಮ್ಮನಿಗೆ ಬರುತ್ತಿತ್ತು. ಪೆದ್ದಹರಿವಾಣದ ಒಕ್ಕಲು ಮನೆಯಿಂದ ಹದಿನೈದನೆಯ ವರ್ಷಕ್ಕೆ ಬಂದವಳು ಆಕೆ. ಬಂದ ಮೊದಲ ವಾರ ಬಡಿದ ರೊಟ್ಟಿಯನ್ನು ಅತ್ತೆ ಹನ್ನೆರಡು ಮಂದಿ ಉಣ್ಣುವವರ ಮುಂದೆ ಎತ್ತಿ ಹಿಡಿದು, "ಇದನ್ನ ಗಾಡಿಗೆ ಹಾಕಿದ್ರ ಎತ್ತು ಎಳೀತಾವ, ಹಲ್ಲಿಗೆ ಹಾಕಿದ್ರ ಹಲ್ಲು ಹೋಗ್ತಾವ" ಎಂದಿದ್ದಳು. ಹದಿನೆಂಟು ವರ್ಷವಾದರೂ ಆಕೆಗೆ ಸೊಸೆಯ ಕೈ 'ಹೊಲದ ಕೈ'ಯೇ. ಎರ್ರಮ್ಮ ತಿರುಗಿ ಮಾತಾಡಿದವಳಲ್ಲ. ಹಿಟ್ಟು ನಾದುತ್ತಿದ್ದಳು, ಅಷ್ಟೆ. ಆದರೆ ಅತ್ತೆಯ ಒಂದೊಂದು ಮಾತನ್ನೂ ಅವತ್ತಿನ ಅಡಿಗೆಯ ಸಮೇತ ನೆನಪಿಟ್ಟಿದ್ದಳು.

ಸಾವಿರದ ಒಂಬೈನೂರ ಮೂವತ್ತೆಂಟರ ಸಂಕ್ರಾಂತಿ ಕಳೆದ ಎಂಟನೆಯ ದಿನ ಬೆಳಿಗ್ಗೆ ಆ ಬಾಯಿ ನಿಂತುಹೋಯಿತು. ಒಲೆಯ ಮುಂದೆ ಮಣೆಯ ಮೇಲೆ ಕೂತು ಸೊಸೆಯನ್ನು ಏನೋ ಅನ್ನಲು ಹೊರಟ ಮಹಾಂತಮ್ಮ ಅರ್ಧಕ್ಕೆ ತಡೆದು, ಬಲಕ್ಕೆ ವಾಲಿ, ಹಿಟ್ಟು ನಾದುವ ಕೊಣಮಿಗೆಯ ಮೇಲೆ ಬಿದ್ದಳು. ಬಲಗೈ ಬಲಗಾಲು ಸತ್ತಂತಾದವು. ಬಾಯಿ ಒಂದು ಕಡೆಗೆ ಎಳೆದುಕೊಂಡಿತು.

ಡಾಕ್ಟರು ಬಂದು, ಕಣ್ಣರೆಪ್ಪೆ ಬಿಡಿಸಿ ನೋಡಿ, ಆಕೆಯ ತಲೆಯ ಮೇಲಿಂದ ಮಗನೊಂದಿಗೆ ಮಾತಾಡಿದರು. "ಲಕ್ವ ಹೊಡದೈತಿ. ಕಾಲು ಒಂದೀಟು ಬರಬಹುದು. ಮಾತು ಬಂದ್ರ ಬಂತು, ಇಲ್ಲಂದ್ರ ಇಲ್ಲ."

"ತಿಳೀತೈತೇನ್ರಿ ಆಕಿಗೆ?" ಎಂದ ಮಗ ಮರಿಬಸಪ್ಪ.

"ಆ ವಯಸ್ಸಿಗೆ ತಿಳದು ಏನಾಗಬೇಕೈತಿ?" ಎಂದು ಡಾಕ್ಟರು ಒಂದು ಸೀಸೆ ಔಷಧ ಬರೆದುಕೊಟ್ಟು ಹೋದರು. ಹಾಸಿಗೆಯ ಮೇಲೆ ಮಹಾಂತಮ್ಮನ ಕಣ್ಣು ಅವರ ಬೆನ್ನ ಹಿಂದೆಯೇ ಬಾಗಿಲತನಕ ಹೋದದ್ದನ್ನು ಎರ್ರಮ್ಮ ನೋಡಿದಳು. ತಿಳಿಯುತ್ತದೆ, ಎಲ್ಲ ತಿಳಿಯುತ್ತದೆ ಎಂದುಕೊಂಡಳು. ತಿಳಿಯಲಿ, ಎಂದುಕೊಂಡಳು.

ಮೂರನೆಯ ವಾರ ಆಕೆಯ ಬಾಯಿಂದ ಒಂದು ಮಾತು ಹೊರಟಿತು. "ಆತು."

ಮರಿಬಸಪ್ಪ ಓಣಿಗೆಲ್ಲ ಕೇಳುವಂತೆ, "ಅವ್ವ ಮಾತಾಡಿದ್ಳು!" ಎಂದು ಕೂಗಿದ. ಸಂಜೆಯ ಹೊತ್ತಿಗೆ ಎಲ್ಲರಿಗೂ ಗೊತ್ತಾಯಿತು, ಆಕೆಗೆ ಉಳಿದಿರುವುದು ಅದೊಂದೇ. ನೀರು ಬೇಕೆ ಎಂದರೆ ಆತು. ನೀರು ಬೇಡವೆ ಎಂದರೆ ಆತು. ಸಿಟ್ಟು ಬಂದರೆ ಗುಡುಗಿನಂತೆ ಆತು, ಅಳು ಬಂದರೆ ಎಳೆದು ಆತು. ಬೈಯಲು ಬಾಯಿ ತೆರೆದು, ತನ್ನ ಬಾಯಿಂದ ಬಂದ ಮಾತನ್ನು ತಾನೇ ಕೇಳಿ ಬೆಚ್ಚಿದವಳಂತೆ ಮುಚ್ಚುತ್ತಿದ್ದಳು.

ನೋಡಲು ಬಂದವರೆಲ್ಲ ಆಕೆ ಕಿವುಡಿ ಎಂಬಂತೆ ಒದರುತ್ತಿದ್ದರು. ಮಗನದು ಎಲ್ಲರಿಗಿಂತ ಜೋರು. ಮರಿಬಸಪ್ಪನಿಗೆ ಒದರುವುದು ಬಿಟ್ಟರೆ ಬೇರೆ ಕೆಲಸವೂ ಇರಲಿಲ್ಲ. ಹಣೆಗೆ ವಿಭೂತಿ ದಪ್ಪಗೆ ಬಳಿದುಕೊಂಡು ಹೊರಗಿನ ಬೆಂಚಿನ ಮೇಲೆ ಕೂತು, ಒಳಗೆ ನಡೆಯುವುದು 'ಅವ್ವನ ಖಾನಾವಳಿ', ತನಗೂ ಅದಕ್ಕೂ ಸಂಬಂಧವಿಲ್ಲ ಎನ್ನುವಂತೆ ಇರುತ್ತಿದ್ದ. ಮೂರು ಹೊತ್ತು ಅಲ್ಲೇ ಉಣ್ಣುತ್ತಿದ್ದ, ಆ ಮಾತು ಬೇರೆ. ಪೇಟೆಯಲ್ಲಿ ಜನ ತನ್ನನ್ನು 'ರೊಟ್ಟಿ ಮರಿಬಸಪ್ಪ' ಅನ್ನುತ್ತಾರೆಂಬುದೇ ಅವನ ಬಾಳಿನ ದೊಡ್ಡ ದುಃಖ.

ಹತ್ತಿಕಟ್ಟಿಗೆ ಮಾರುವ ದಸ್ತಗಿರಮ್ಮ ಒಬ್ಬಳು ಮಾತ್ರ ಹೊರೆ ಇಳಿಸಿ, ಹಾಸಿಗೆಯ ಹತ್ತಿರ ಕೂತು, ಮೆಲ್ಲಗೆ ಮಾತಾಡಿದಳು. ಏಳುವಾಗ, "ಎಲ್ಲಾರೂ ಯಾಕ ಹಂಗ ಒದರ್ತೀರವ್ವ? ಕಿವಿ ಏನಾಗೈತಿ ಆಕಿಗೆ?" ಎಂದಳು.

"ಹದಿನೆಂಟು ವರ್ಷ ಆಕಿ ಒದರ್ಯಾಳ, ನಾವು ಕೇಳೀವಿ. ಈಗ ಆಕಿ ಕೇಳ್ಲಿ" ಎಂದಳು ಎರ್ರಮ್ಮ.

ಕೆಲಸವೆಲ್ಲ ಎರ್ರಮ್ಮನ ತಲೆಯ ಮೇಲೆ ಬಿತ್ತು. ಬೆಳಿಗ್ಗೆ ಮುದುಕಿಯನ್ನು ಎಬ್ಬಿಸಿ ಒರೆಸಿ ಸೀರೆ ಬದಲಿಸಿ, ಕೊರಳ ಲಿಂಗಕ್ಕೆ ವಿಭೂತಿ ಹಚ್ಚಿಸಿ, ಆಮೇಲೆ ನಲವತ್ತು ಮಂದಿಗೆ ರೊಟ್ಟಿ. ಹದಿನಾಲ್ಕರ ಮಗಳು ಬಸವಕ್ಕ ಒಲೆಗೂ ಪಡಸಾಲೆಗೂ ಓಡಾಡುತ್ತಿದ್ದಳು. ಗಿರಾಕಿಗಳು ಕೈ ನೆಕ್ಕುತ್ತ ಸುಮ್ಮನಿರುತ್ತಿರಲಿಲ್ಲ. "ಪಲ್ಯ ಮುಂಚಿನಂಗ ಇಲ್ಲಮ್ಮಾ" ಅನ್ನುತ್ತಿದ್ದರು.

ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ಮಹಾಂತಮ್ಮ ಎರಡು ಚಮಚ ಕುಡಿದು ತುಟಿ ಬಿಗಿದಳು. "ಆತು! ಆತು!" ಎಂದು ತಲೆ ಕೊಡವಿದಳು. ಮೂರನೆಯ ಚಮಚವನ್ನು ಸೊಸೆಯ ಸೀರೆಯ ಮೇಲೆ ಉಗಿದಳು.

ಎರ್ರಮ್ಮನ ಪಿತ್ತ ನೆತ್ತಿಗೇರಿತು. "ಏನ ಬೇಕು ನಿನಗ?"

ಅತ್ತೆಯನ್ನು ಏಕವಚನದಲ್ಲಿ ಅಂದದ್ದು ಅದೇ ಮೊದಲು. ಮುದುಕಿಯ ಕಣ್ಣು ದೊಡ್ಡವಾದವು. ಎರ್ರಮ್ಮನಿಗೆ ಹೆದರಿಕೆಯಾಗಲಿಲ್ಲ, ಹಿತವಾಯಿತು. ಎದ್ದು ಹೋಗಿ ಉಪ್ಪಿನ ಮರಿಗೆ, ಹುಣಿಸೆಹಣ್ಣಿನ ಗಡಿಗೆ ತಂದು ಹಾಸಿಗೆಯ ಮುಂದೆ ಕುಕ್ಕಿದಳು. "ಉಪ್ಪೋ, ಹುಳಿಯೋ? ಬಾಯಿ ಮುಚ್ಚು. ಎಡಗೈ ಐತೆಲ್ಲ, ಅದರಲೆ ತೋರಸು."

ಮುದುಕಿ ಎರಡನ್ನೂ ನೋಡಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಎರ್ರಮ್ಮ ಕಾದದ್ದು ಕರುಣೆಯಿಂದಲ್ಲ, ಬೆಳಗಿನಿಂದ ನಿಂತ ಕಾಲು ನೋಯುತ್ತಿದ್ದವು, ಕೂತಿದ್ದಳು. ಕಡೆಗೆ ಎಡಗೈ ಮೆಲ್ಲಗೆ ಸರಿದು ಬಂದು ಉಪ್ಪಿನ ಮರಿಗೆಯ ಅಂಚು ಹಿಡಿದು ತನ್ನ ಕಡೆಗೆ ಎಳೆದುಕೊಂಡಿತು.

ಎರ್ರಮ್ಮ ಗಂಜಿ ನಾಲಿಗೆಗೆ ಹಚ್ಚಿ ನೋಡಿದಳು. ಉಪ್ಪು ಹಾಕುವುದೇ ಮರೆತಿತ್ತು.

"ನಾಲಿಗಿ ಬಿದ್ರೂ ನನ್ನ ಅಡಿಗ್ಯಾಗ ತಪ್ಪು ಹುಡುಕೂದು ಬಿಡಲಿಲ್ಲಲ್ಲ ನೀ" ಎಂದು ಆಕೆಗೆ ನಗು ಬಂತು. ಉಪ್ಪು ಹಾಕಿದಳು. ಮುದುಕಿ ಬಟ್ಟಲು ಖಾಲಿ ಮಾಡಿದಳು.

ಅಲ್ಲಿಂದ ಎರ್ರಮ್ಮ ಅತ್ತೆಯನ್ನು ಓದುವುದನ್ನು ಕಲಿತಳು. ಬಾಯಿ ಹೇಳುವುದನ್ನು ನಂಬಬಾರದು. ಒಂದು ಸಲಕ್ಕೆ ಒಂದೇ ಮಾತು ಕೇಳಬೇಕು, ಅದೂ ಗಿಡ್ಡ ಮಾತು. ಕೇಳಿ ಸುಮ್ಮನೆ ಕೂಡಬೇಕು. ನಡುವೆ ಇನ್ನೊಂದು ಕೇಳಿದರೆ ಎರಡೂ ಕೆಡುತ್ತವೆ. ಅಂಗೈ ಎದೆಯ ಕಡೆಗೆ ಬಂದರೆ ಹೌದು, ಹೊರಗೆ ತಳ್ಳಿದರೆ ಅಲ್ಲ. ನಾಲ್ಕು ದಿನದಲ್ಲಿ ಇಬ್ಬರಿಗೂ ಅದು ರೂಢಿಯಾಯಿತು. ಪಲ್ಯ ಆದಕೂಡಲೆ ಒಂದು ಚೂರು ಆಕೆಯ ನಾಲಿಗೆಗೆ ಹಚ್ಚುವುದು, ಮುಂದೆ ಖಾರ, ಬೆಲ್ಲ, ಗುರೆಳ್ಳು ಪುಡಿ ಇಡುವುದು, ಕೈ ಯಾವುದನ್ನು ಎಳೆಯುತ್ತದೋ ಅದನ್ನು ಹಾಕುವುದು. ಹದಿನೈದು ದಿನದಲ್ಲಿ ಗಿರಾಕಿಗಳು ಎರಡನೆಯ ಸಲ ಪಲ್ಯ ಕೇಳತೊಡಗಿದರು. "ಅಮ್ಮಾ, ಇಂಕೊಂಚೆಂ ವೇಯಿ" ಎಂದು ತೆಲುಗಿನವರು ತಟ್ಟೆ ಮುಂದಿಟ್ಟರು.

ಇದನ್ನು ಆಕೆ ಯಾರಿಗೂ ಹೇಳಲಿಲ್ಲ. ಗಂಡ ಕೇಳಲಿಲ್ಲ, ತಾಯಿಗೆ ದಿನಾ ಎರಡು ಸಲ "ಅವ್ವಾ, ಆರಾಮ ಅದೀಯೇನು?" ಎಂದು ಒದರಿ, "ಆತು" ಕೇಳಿಸಿಕೊಂಡು, ಮಗನ ಕರ್ತವ್ಯ ಮುಗಿಯಿತೆಂದು ಬೆಂಚಿಗೆ ಹೋಗುತ್ತಿದ್ದ. ಹೇಳದಿರಲು ಇನ್ನೊಂದು ಕಾರಣವೂ ಇತ್ತು. ಇಡೀ ಮನೆಯನ್ನು ಬಾಯಲ್ಲಿ ಆಳಿದ ಹೆಂಗಸು ಈಗ ಒಂದು ಚಿಟಿಕೆ ಖಾರಕ್ಕೂ ಎರ್ರಮ್ಮನ ದಾರಿ ಕಾಯಬೇಕಾಗಿತ್ತು. ಆ ರುಚಿಯನ್ನು ಹಂಚಿಕೊಳ್ಳಲು ಆಕೆಗೆ ಮನಸ್ಸಿರಲಿಲ್ಲ. ಬಸವಕ್ಕ ಮಾತ್ರ ಒಂದೆರಡು ಸಲ ಬಾಗಿಲಲ್ಲಿ ನಿಂತು ನೋಡಿದ್ದಳು.

ಮಾಘ ಮಾಸ ಮುಗಿಯುವ ಹೊತ್ತಿಗೆ ಪತ್ತಿಕೊಂಡದ ಯರ್ರೆಪ್ಪ ಬಂದ. ಮಹಾಂತಮ್ಮನ ಅಳಿಯ, ಹತ್ತಿ ವ್ಯಾಪಾರಿ, ನಲವತ್ತೆರಡು ವಯಸ್ಸು. ಅವನ ಹೆಂಡತಿ ಗಂಗಕ್ಕ, ಮಹಾಂತಮ್ಮನ ಒಬ್ಬಳೇ ಮಗಳು, ನಾಲ್ಕನೆಯ ಹೆರಿಗೆಯಲ್ಲಿ ಸತ್ತು ಎರಡು ವರ್ಷವಾಗಿತ್ತು. ಉಳಿದ ಮಕ್ಕಳು ಎರಡು. ಆ ಹೆರಿಗೆಗೆ ಎರ್ರಮ್ಮ ಹೋಗಿದ್ದಳು. ನಾದಿನಿ ಎರಡು ದಿನ ಬೇನೆ ತಿಂದಳು. ಕರ್ನೂಲಿನಿಂದ ಡಾಕ್ಟರನ್ನು ಕರೆಸಿರಿ ಎಂದರೆ ಯರ್ರೆಪ್ಪ, "ಮೂರು ಹಡದಾಳ, ಇದೇನು ಹೊಸದೇನಮ್ಮಾ?" ಎಂದು ಹತ್ತಿ ತೂಗಿಸಲು ಹೋಗಿದ್ದ.

ಈಗ ಅವನು ಕಿತ್ತಳೆ ಹಣ್ಣಿನ ಬುಟ್ಟಿ ತಂದು ಅತ್ತೆಯ ಕಾಲ ಹತ್ತಿರ ಇಟ್ಟು, "ಅತ್ತಗಾರೂ, ಬಾಗುನ್ನಾರಾ?" ಎಂದು ಒದರಿ ಯೋಗಕ್ಷೇಮ ಕೇಳಿ, ಊಟಕ್ಕೆ ಕೂತ. ಐದು ರೊಟ್ಟಿಯತನಕ ಹವಾಮಾನ, ಹತ್ತಿಯ ಧಾರಣೆ. ಆರನೆಯ ರೊಟ್ಟಿಗೆ ವಿಷಯಕ್ಕೆ ಬಂದ.

"ಮರಿಬಸಪ್ಪಾ, ಇಲ್ಲಿ ಆದವಾನ್ಯಾಗ ರೈತರ ಹತ್ತಿ ಮಾರಿಕೊಡೋ ಅಡತಿ ಅಂಗಡಿ ನಂದೊಂದು ತೆಗೀಬೇಕಂತೀನಿ. ಗಾದಿ ಮ್ಯಾಲೆ ಕೂಡಾಕ ನಂಬಿಗಸ್ತ ಮನಷ್ಯ ಬೇಕು."

ಮರಿಬಸಪ್ಪನ ಕೈಯಲ್ಲಿಯ ತುತ್ತು ನಿಂತಿತು. "ನಾ ಇಲ್ಲೇನು?"

"ನೀ ಇದ್ದೀಯಲ್ಲ, ಅದಕ್ಕೇ ಹೇಳಿದ್ದು. ಆದ್ರ ಗಂಗಕ್ಕ ಹೋದ ಮ್ಯಾಲೆ ನಂಟು ತೆಳ್ಳಗಾಗೈತಿ. ಮನ್ಯಾಗ ಎರಡು ಕೂಸು ಅದಾವ. ಬಸವಕ್ಕನ್ನ ಕೊಟ್ರ ನಂಟೂ ಉಳೀತೈತಿ, ಕೂಸೂ ಉಳೀತಾವ."

ಬಸವಕ್ಕ ಅವನ ತಟ್ಟೆಗೆ ಮಜ್ಜಿಗೆ ಬಡಿಸುತ್ತಿದ್ದಳು. ಸೌಟು ಹಾಗೆಯೇ ಇಟ್ಟು ಒಳಗೆ ಹೋದಳು. ಯರ್ರೆಪ್ಪ ಆಕೆ ನಡೆದುಹೋಗುವುದನ್ನು ತೂಕಕ್ಕೆ ಬಂದ ಹತ್ತಿಯ ಅಂಡಿಗೆಯನ್ನು ನೋಡುವಂತೆ ನೋಡಿ, ಮಜ್ಜಿಗೆ ಸುರಿದುಕೊಂಡ.

ಅವನು ಹೋದ ಮೇಲೆ ಎರ್ರಮ್ಮ ಎಂಜಲು ತಟ್ಟೆ ಎತ್ತುತ್ತ ಗಂಡನಿಗೆ ಅಂದಳು. "ಅವನ ವಯಸ್ಸೆಷ್ಟು, ಈಕಿ ವಯಸ್ಸೆಷ್ಟು?"

"ಗಂಡಸರ ವಯಸ್ಸು ಯಾರು ನೋಡ್ತಾರ?"

"ನಿಮ್ಮ ತಂಗೀನ ನುಂಗಿದ ಮನಿ ಅದು. ನಾ ಕಣ್ಣಾರೆ ನೋಡೀನಿ."

"ಸಾವು ಬಂದಿತ್ತು, ಸತ್ಳು. ಅದಕ್ಕ ಅವನೇನು ಮಾಡ್ತಾನ? ನಿನಗ ರೊಟ್ಟಿ ಬಡಿಯೂದು ಒಂದು ಗೊತ್ತು. ದೊಡ್ಡ ವ್ಯವಹಾರ ನಿನಗ ತಿಳಿಯಂಗಿಲ್ಲ."

"ತಿಳೀತೈತಿ. ನಿಮಗ ಕೂಡಾಕ ಗಾದಿ ಬೇಕು. ಅದಕ್ಕ ಹತ್ತಿ ಬದ್ಲು ಮಗಳನ್ನ ತುಂಬಾಕತ್ತೀರಿ."

ಮರಿಬಸಪ್ಪ ಸಿಟ್ಟಿನಿಂದ ಎದ್ದು ನಿಂತ. ಹೊಡೆಯಲು ಧೈರ್ಯ ಸಾಲದೆ ತಾಯಿಯ ಹಾಸಿಗೆಗೆ ಹೋದ. "ಈ ಮನಿಗೆ ಯಜಮಾನಿ ನೀ ಅಲ್ಲ. ಅವ್ವಾ! ಬಸವಕ್ಕನ್ನ ಯರ್ರೆಪ್ಪಗ ಕೊಡೋಣೇನು?"

"ಆತು" ಎಂದಳು ಮಹಾಂತಮ್ಮ.

"ಕೇಳಿದ್ಯಾ?" ಎಂದು ಗಂಡ ಹೆಂಡತಿಯ ಕಡೆ ತಿರುಗಿದ. "ಮುಗೀತು."

ಎರ್ರಮ್ಮನಿಗೆ ಅಷ್ಟು ಹೇಸಿಕೆ ಯಾವತ್ತೂ ಆಗಿರಲಿಲ್ಲ. ಇದೇ ತಾಯಿಯನ್ನು 'ನೀರಿಗೆ ಬಿದ್ದು ಸಾಯ್ತೀಯೇನು' ಎಂದು ಕೇಳಿದರೂ ಆತು ಅನ್ನುತ್ತಾಳೆಂದು ಇವನಿಗೆ ಗೊತ್ತಿಲ್ಲವೆ? ಗೊತ್ತಿದೆ. ಬೇಕಾದಾಗ ಅದು ಮಾತು, ಬೇಡವಾದಾಗ ಲಕ್ವ.

ಗಂಡ ಹೊರಗೆ ಹೋದ ಮೇಲೆ ಆಕೆ ಸೆರಗಿಗೆ ಕೈ ಒರೆಸಿಕೊಂಡು ಅತ್ತೆಯ ಎದುರು ಕೂತಳು. ಉತ್ತರ ಏನೆಂಬುದರಲ್ಲಿ ಆಕೆಗೆ ಅನುಮಾನವಿರಲಿಲ್ಲ. ಮಗಳನ್ನು ಕಳೆದುಕೊಂಡ ಮನೆಗೆ ಯಾವ ತಾಯಿ ಮೊಮ್ಮಗಳನ್ನು ಕೊಟ್ಟಾಳು? ಕೈಯ ಉತ್ತರವನ್ನು ಗಂಡನಿಗೆ ತೋರಿಸಿ ಅವನ ಮುಖ ನೋಡಬೇಕೆಂದು ಆಸೆಯಾಗಿತ್ತು.

"ಬಾಯಿ ಬ್ಯಾಡ. ಕೈ. ಬಸವಕ್ಕನ್ನ ಯರ್ರೆಪ್ಪಗ ಕೊಡಬೇಕೇನು?"

ಅಂಗೈ ಎದೆಯ ಕಡೆಗೆ ಬಂತು.

"ತಪ್ಪು ತಿಳಿಕೊಂಡಿ. ಇನ್ನೊಮ್ಮೆ ಕೇಳ್ತೀನಿ." ಇನ್ನೊಮ್ಮೆಯೂ ಅದೇ. ಎರ್ರಮ್ಮ ಪ್ರಶ್ನೆ ತಿರುಗಿಸಿದಳು. "ಕೊಡಬಾರದೇನು?"

ಕೈ ಹೊರಗೆ ತಳ್ಳಿತು. ಆಮೇಲೆ ಮುದುಕಿ ಕೇಳದೆಯೇ ಆ ಕೈಯನ್ನು ನೆಲದಿಂದ ಒಂದು ಮೊಳ ಮೇಲೆ ಹಿಡಿದಳು, ಮತ್ತೆ ಇನ್ನೂ ಸ್ವಲ್ಪ ಮೇಲೆ ಹಿಡಿದಳು. ಪತ್ತಿಕೊಂಡದ ಎರಡು ಮಕ್ಕಳು, ಒಂದು ಗಿಡ್ಡ, ಒಂದು ಅದಕ್ಕಿಂತ ಎತ್ತರ. ಕಣ್ಣಲ್ಲಿ ನೀರು ತುಂಬಿತು. "ಆತು" ಎಂದಳು, ಬೇಡಿಕೊಳ್ಳುವವರಂತೆ.

ಎರ್ರಮ್ಮ ಆ ಕೈಯನ್ನೇ ನೋಡುತ್ತ ಕೇಳಿದಳು. "ನಿನ್ನ ಮಗಳ ಕೂಸು ಬದುಕಾಕ ನನ್ನ ಮಗಳು ಹೋಗಬೇಕೇನು?"

ಕೈ ಮಡಿಲಲ್ಲಿ ಬಿದ್ದುಕೊಂಡಿತು. ಹೌದೂ ಇಲ್ಲ, ಅಲ್ಲವೂ ಇಲ್ಲ.

"ಥೂ" ಎಂದು ಎರ್ರಮ್ಮ ಎದ್ದಳು.

ಮುಂದಿನ ಹತ್ತು ದಿನ ಮನೆಯಲ್ಲಿ ಆಕೆ ಎರಡು ಜಗಳ ನಡೆಸಿದಳು. ಗಂಡನೊಡನೆಯದು ಓಣಿಗೆಲ್ಲ ಕೇಳಿಸಿತು. ಅತ್ತೆಯೊಡನೆಯದು ಯಾರಿಗೂ ಕೇಳಿಸಲಿಲ್ಲ. ಗಂಜಿ ಕುಡಿಸುವಾಗ, ಕಾಲು ತಿಕ್ಕುವಾಗ ಕೇಳಿದ್ದೇ ಕೇಳುತ್ತಿದ್ದಳು. "ಆ ಹುಡುಗಿ ಮುಖ ನೋಡು. ಕೊಡಬೇಕೇನು?" ಅಂಗೈ ಎದೆಗೇ ಬರುತ್ತಿತ್ತು. ಒಂದು ಸಂಜೆ ಬಟ್ಟಲನ್ನು ಕೈಯಲ್ಲೇ ಹಿಡಿದು, "ಬ್ಯಾಡ ಅಂತ ತೋರಸು, ಗಂಜಿ ಕೊಡ್ತೀನಿ" ಎಂದಳು. ಅಂದ ಮೇಲೆ ತನಗೇ ನಾಚಿಕೆಯಾಯಿತು, ಆದರೆ ಮಾತು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಮಹಾಂತಮ್ಮ ಸೊಸೆಯನ್ನು ಕೆಳಗಿನಿಂದ ಮೇಲಿನತನಕ ಒಂದು ಸಲ ನೋಡಿ, ಎಡಗೈಯಿಂದ ಬಟ್ಟಲನ್ನು ದೂಡಿದಳು. ಗಂಜಿ ಚಾಪೆಯ ಮೇಲೆ ಚೆಲ್ಲಿತು. ಆ ರಾತ್ರಿ ಅತ್ತೆಯೂ ಉಣ್ಣಲಿಲ್ಲ, ಸೊಸೆಯೂ ಉಣ್ಣಲಿಲ್ಲ.

ಬಸವಕ್ಕ ಚಾಪೆ ಒರೆಸುತ್ತ ತಾಯಿಗೆ ಕೇಳಿದಳು. "ಅಜ್ಜಿ ಒಪ್ಯಾಳೇನವ್ವ?"

"ಅಜ್ಜಿಗೆ ಏನು ತಿಳೀತೈತಿ?"

"ನಾ ಒಲ್ಲೆ."

"ಗೊತ್ತೈತಿ. ಸುಮ್ಮನಿರು."

ಮನೆಯ ಅಯ್ಯನವರು ಗುರುಪಾದಯ್ಯ ಮದುವೆ ಗೊತ್ತುಮಾಡುವ ವೀಳ್ಯಕ್ಕೆ ಸೋಮವಾರ ದಿನ ಇಟ್ಟರು. ಆದರೆ ಒಂದು ಮಾತು ಹಾಕಿದರು. "ಮನಿ ಮಹಾಂತಮ್ಮಂದು. ಆಕಿ ಮಾತಿಲ್ಲದ ಈ ಮನ್ಯಾಗ ಎಂದೂ ಏನೂ ನಡದಿಲ್ಲ. ನಾಲ್ಕು ಮಂದಿ ಮುಂದ ಆಕಿ ಬಾಯಿಲೆ ಒಪ್ಪಿಗಿ ಬರಬೇಕು. ಇಲ್ಲದ ವೀಳ್ಯಕ್ಕ ನಾ ಕೈ ಹಚ್ಚಂಗಿಲ್ಲ."

"ಬಾಯಿಲೇ ಹೇಳ್ತಾಳ್ರಿ ಅಯ್ಯನೋರೇ" ಎಂದು ಮರಿಬಸಪ್ಪ ಕೈ ಮುಗಿದ.

ಸೋಮವಾರ ಬೆಳಿಗ್ಗೆ ಗಿರಾಕಿಗಳಿಗೆ ಊಟವಿರಲಿಲ್ಲ. ಎರ್ರಮ್ಮ ನಸುಕಿನಲ್ಲೇ ಎದ್ದು ಹೋಳಿಗೆಗೆ ಕಡಲೆಬೇಳೆ ಬೇಯಿಸಿದಳು. ಮಗಳ ಮಾರಾಟಕ್ಕೆ ತಾನೇ ಹೂರಣ ರುಬ್ಬಿದಳು. ಪಡಸಾಲೆಗೆ ಜಮಖಾನ ಹಾಸಿತ್ತು. ಯರ್ರೆಪ್ಪನ ಕಡೆಯವರು ಹತ್ತು ಮಂದಿ, ಪೇಟೆಯ ಹಿರಿಯರು ಆರೇಳು ಮಂದಿ. ಯರ್ರೆಪ್ಪ ಹೊಸ ಜರಿಯ ರುಮಾಲು ಸುತ್ತಿದ್ದ, ಮೀಸೆಗೆ ಕಪ್ಪು ಹಚ್ಚಿದ್ದ, ಬೆವರಿಗೆ ಅದು ತುಟಿಯತನಕ ಇಳಿದಿತ್ತು. ಮಹಾಂತಮ್ಮನನ್ನು ಗೋಡೆಗೆ ದಿಂಬು ಕೊಟ್ಟು ಕೂಡಿಸಿದ್ದರು. ಮೈಮೇಲೆ ಇಳಕಲ್ ಸೀರೆ, ಹಣೆಗೆ ವಿಭೂತಿ. ಎರಡು ತಿಂಗಳ ಮೇಲೆ ತನ್ನ ಪಡಸಾಲೆಗೆ ಬಂದವಳು ಸುತ್ತಲೂ ನೋಡುತ್ತಿದ್ದಳು, ಮುಖದಲ್ಲಿ ಒಂದು ಬಗೆಯ ಕಳೆ ಇತ್ತು. ಮತ್ತೆ ಯಜಮಾನಿಯಾಗಿದ್ದಳು.

"ತಂಗೀ ಮಹಾಂತಮ್ಮಾ" ಎಂದರು ಗುರುಪಾದಯ್ಯ. "ನಿನ್ನ ಮೊಮ್ಮಗಳನ್ನ ಯರ್ರೆಪ್ಪಗ ಕೊಡಾಕ ನಿನ್ನ ಒಪ್ಪಿಗಿ ಐತೇನು?"

"ಆತು." ಸ್ಪಷ್ಟವಾಗಿ ಅಂದಳು. ಅಂಗೈ ಎದೆಗೆ ಬಂತು. ಯಾರೂ ಅದನ್ನು ಗಮನಿಸಲಿಲ್ಲ.

"ಮುಗೀತಲ್ರಿ" ಎಂದು ಮರಿಬಸಪ್ಪ ವೀಳ್ಯದ ತಟ್ಟೆ ಮುಂದೆ ಸರಿಸಿದ.

ಎರ್ರಮ್ಮ ಅಡಿಗೆ ಮನೆಯ ಬಾಗಿಲಿಂದ ಹೊರಗೆ ಬಂದಳು. ಗಂಡಸರ ಸಭೆಗೆ ಆಕೆ ಬಂದದ್ದೇ ಇಲ್ಲ. ನೇರವಾಗಿ ಹೋಗಿ ಅತ್ತೆಯ ಎಡಗಡೆಗೆ ಕೂತು, ಆಕೆಯ ಎಡಗೈಯನ್ನು ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು. ನೋಡಿದವರಿಗೆ ಅದು ಅಕ್ಕರೆಯಂತೆ ಕಂಡಿತು.

"ಅಯ್ಯನೋರೇ, ನಾನೂ ನಮ್ಮತ್ತೀನ ಎರಡು ಮಾತು ಕೇಳಬೇಕ್ರಿ."

"ಒಳಗ ನಡಿ" ಎಂದ ಮರಿಬಸಪ್ಪ.

"ಹೆತ್ತ ತಾಯಿ ಅದಾಳ, ಕೇಳ್ಲಿ ಬಿಡು" ಎಂದರು ಗುರುಪಾದಯ್ಯ.

ಕೈಯೊಳಗಿನ ಕೈ ಮೊದಲ ಸಲ ಅಲುಗಿತು. ಎರ್ರಮ್ಮ ಬಿಗಿಯಾಗಿ ಹಿಡಿದಳು. "ಅತ್ತೀ, ಯರ್ರೆಪ್ಪಗ ಬ್ಯಾಡ, ಬಸವಕ್ಕನ್ನ ಟೇಸಣದಾಗ ಮೂಟಿ ಹೊರೋ ಮುದುಕಗ ಕೊಡೋಣೇನ್ರಿ?"

"ಆತು!" ಎಂದಳು ಮಹಾಂತಮ್ಮ. ಕೈ ಹೊರಗೆ ತಳ್ಳಲು ಸೆಣಸಿತು. ಹಿಟ್ಟು ನಾದಿದ ಕೈಗಳ ನಡುವೆ ಅದಕ್ಕೆ ದಾರಿ ಸಿಗಲಿಲ್ಲ.

ಯಾರೋ ಕಿಸಕ್ಕನೆ ನಕ್ಕರು.

"ಮರಿಬಸಪ್ಪನೋರು ನಿಮ್ಮ ಮಗ ಅಲ್ಲ, ಹೌದಲ್ರಿ?"

"ಆತು! ಆತು!"

ಈಗ ಯರ್ರೆಪ್ಪನ ಕಡೆಯವರೂ ನಕ್ಕರು. ಮರಿಬಸಪ್ಪನ ಮುಖ ಕೆಂಪಾಯಿತು. "ಸಾಕು ಮಾಡು" ಎಂದ. ಎರ್ರಮ್ಮ ಅವನ ಕಡೆ ನೋಡಲಿಲ್ಲ. ಅತ್ತೆಯ ಕಣ್ಣನ್ನೇ ನೋಡುತ್ತಿದ್ದಳು. ಆ ಕಣ್ಣು ಬೇಡಿಕೊಳ್ಳುತ್ತಿದ್ದವು. ಹದಿನೆಂಟು ವರ್ಷದಲ್ಲಿ ಆಕೆ ಬೇಡಿಕೊಂಡದ್ದನ್ನು ಎರ್ರಮ್ಮ ನೋಡಿರಲಿಲ್ಲ. ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಕ್ಕವರು ನಕ್ಕು ಮರೆತುಬಿಡುತ್ತಾರೆ, ಹೋಳಿಗೆ ಉಂಡು ವೀಳ್ಯ ಹಿಡಿಯುತ್ತಾರೆ. ಅದು ಆಕೆಗೆ ಗೊತ್ತಿತ್ತು.

"ಅತ್ತೀ, ನಿಮ್ಮ ಕೊರಳಾಗಿನ ಲಿಂಗ ಬಿಚ್ಚಿ ಗಟಾರಕ್ಕ ಒಗಿಯೋಣೇನ್ರಿ?"

ನಗು ನಿಂತಿತು. ಮುದುಕಿಯ ಬಾಯಿ ತೆರೆಯಿತು, ಮುಚ್ಚಿತು. ಹೇಳಬಾರದೆಂದು ಹಲ್ಲು ಕಚ್ಚಿದಳು. ಬೇರೆ ಯಾವುದಾದರೂ ಒಂದು ಮಾತು, ಯಾವುದಾದರೂ ಒಂದು ಬರಲೆಂದು ಹೋರಾಡುವುದು ಎಲ್ಲರಿಗೂ ಕಂಡಿತು. ಕಡೆಗೆ ಬಂದದ್ದು ಅದೇ. "ಆತು" ಎಂದಳು. ಅಂದು ಕೂಸಿನಂತೆ ಅತ್ತಳು.

ಗುರುಪಾದಯ್ಯ ಕಿವಿ ಮುಚ್ಚಿಕೊಂಡು ಎದ್ದರು. "ಶಿವ ಶಿವಾ. ಇದು ಒಪ್ಪಿಗಿ ಅಲ್ಲಪ್ಪ. ಇಂಥ ಬಾಯಿ ಮಾತು ಹಿಡದು ವೀಳ್ಯ ಮಾಡಿಸಿದ್ರ ನನಗ ಪಾಪ ಸುತ್ತಿಕೊಳ್ತೈತಿ. ಮರಿಬಸಪ್ಪಾ, ನಿನಗ ಗೊತ್ತಿತ್ತು ಇದು."

"ನನಗೇನು ಗೊತ್ತ್ರಿ..." ಎಂದ ಮರಿಬಸಪ್ಪ.

ಯರ್ರೆಪ್ಪ ರುಮಾಲು ಸರಿ ಮಾಡಿಕೊಂಡು ಎದ್ದ. "ಚಾಲಯ್ಯಾ, ಚಾಲು, ಸಾಕಾತು. ರೊಟ್ಟಿ ಮಾರೋರ ಮನಿಗೆ ಹೆಣ್ಣು ಕೇಳಾಕ ಬಂದೆನಲ್ಲ, ನನಗ ಬುದ್ಧಿ ಇಲ್ಲ" ಎಂದು ಹತ್ತು ಮಂದಿಯನ್ನು ಎಬ್ಬಿಸಿಕೊಂಡು ನಡೆದ. ಅಡತಿ ಅಂಗಡಿಯ ಗಾದಿಯೂ ಅವನ ಹಿಂದೆಯೇ ಓಣಿ ದಾಟಿ ಹೋಯಿತು. ಮಾಡಿದ ಹೋಳಿಗೆಯನ್ನು ಮಾರನೆಯ ದಿನ ಗಿರಾಕಿಗಳು ಉಂಡರು.

ಎರಡು ತಿಂಗಳಲ್ಲಿ ಯರ್ರೆಪ್ಪ ಎಮ್ಮಿಗನೂರಿನ ಹೆಣ್ಣು ತಂದ. ಆಕೆ ಬಂದ ಮೇಲೆ ಮಹಾಂತಮ್ಮನ ಆ ಇಬ್ಬರು ಮೊಮ್ಮಕ್ಕಳು ಅಜ್ಜಿಯನ್ನು ನೋಡಲು ಒಂದು ಸಲವೂ ಬರಲಿಲ್ಲ, ಯಾರೂ ಕಳಿಸಲಿಲ್ಲ. ಮರಿಬಸಪ್ಪ ಹೆಂಡತಿಯೊಡನೆ ಮಾತು ಬಿಟ್ಟು, ಅದೇ ಬೆಂಚಿನ ಮೇಲೆ ಕೂತು ಪೇಟೆಯವರ ಮುಂದೆ ತನಗೆ ತಪ್ಪಿದ ದೊಡ್ಡ ವ್ಯವಹಾರದ ಕಥೆ ಹೇಳತೊಡಗಿದ. ಕೇಳುವವರು ರೊಟ್ಟಿ ಬೇಗ ಬರಲಿ ಎಂದು ಹೂಂಗುಟ್ಟುತ್ತಿದ್ದರು. ಇನ್ನು ಮಹಾಂತಮ್ಮನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಲಿಂಗವನ್ನೇ ಗಟಾರಕ್ಕೆ ಒಗೆ ಎಂದವಳು ಎಂದು ಓಣಿಯ ಹೆಂಗಸರು ಕದ ತೆರೆದು ನೋಡಿ ಹೋಗುತ್ತಿದ್ದರು. ಗಿರಾಕಿಗಳು ಒಬ್ಬರಿಗೊಬ್ಬರು ಮಜ್ಜಿಗೆ ಬೇಕೇನೋ ಎಂದು ಕೇಳಿ, ಆಕೆಯ ದನಿಯಲ್ಲೇ "ಆತು" ಎಂದು ನಗುತ್ತಿದ್ದರು. ಎರ್ರಮ್ಮ ಒಂದು ಸಲ ಸೌಟು ಹಿಡಿದು ಹೊರಗೆ ಬಂದು, "ಉಣ್ಣಾಕ ಬಂದೀರೋ ಕುಣಿಯಾಕ ಬಂದೀರೋ?" ಎಂದು ಒದರಿದಳು. ಆ ದನಿ ಓಣಿಯ ತುದಿಗೆ ಕೇಳಿಸಿತು.

ವೀಳ್ಯ ಮುರಿದ ಮಾರನೆಯ ದಿನವೇ ಆಕೆ ಪಲ್ಯದ ಚೂರು ಹಿಡಿದುಕೊಂಡು ಅತ್ತೆಯ ಮುಂದೆ ಕೂತಿದ್ದಳು. ಖಾರ, ಬೆಲ್ಲ, ಗುರೆಳ್ಳು ಮುಂದಿಟ್ಟು, "ಏನು ಕಡಿಮಿ ಆಗೈತ್ರಿ?" ಎಂದು ಕೇಳಿದಳು. ಬಹುವಚನ ತಾನಾಗಿ ಬಂದಿತ್ತು. ಮಹಾಂತಮ್ಮ ಪಲ್ಯ ನುಂಗಿದಳು. ಕೈ ಮಡಿಲಲ್ಲೇ ಇತ್ತು. ಎರ್ರಮ್ಮ ಕಾದಳು. ಒಲೆಯ ಮೇಲಿನ ರೊಟ್ಟಿ ಸೀದ ವಾಸನೆ ಬಂದರೂ ಕಾದಳು.

"ಆತು" ಎಂದಳು ಅತ್ತೆ.

ಹತ್ತು ದಿನ ಕೇಳಿದಳು. ಆಮೇಲೆ ಬಿಟ್ಟಳು. ಪಲ್ಯ ಮತ್ತೆ ಕೆಟ್ಟಿತು.

ಒಂದು ದಿನ ಬಸವಕ್ಕ ಜೋಳ ಹಸನು ಮಾಡುತ್ತ ಕೇಳಿದಳು. "ಅವ್ವಾ, ಅವತ್ತು ಅಜ್ಜಿ ಕೈ ಯಾಕ ಹಿಡಕೊಂಡಿದ್ದಿ?"

"ಹೆದರ್ಯಾಳಂತ ಹಿಡಕೊಂಡಿದ್ದೆ."

ಬಸವಕ್ಕ ಮೊರದಲ್ಲಿಯ ಕಲ್ಲು ಆರಿಸುತ್ತ ತಲೆ ಎತ್ತಲಿಲ್ಲ. "ಆಕಿ ಕೈ ಬಿಡಿಸಿಕೊಳ್ಳಾಕತ್ತಿದ್ಳು. ನಾ ಕದದ ಸಂದಿಲೆ ನೋಡಿದೆ."

"ಅದನ್ನ ನೋಡಾಕ ಹೋಗಿ ಹಾಲು ಉಕ್ಕಿಸಿದ್ದಿ ಅವತ್ತು. ಒಲಿ ನೋಡು ಹೋಗು" ಎಂದಳು ಎರ್ರಮ್ಮ.

ನಿನಗಾಗಿ ಎಂದು ಹೇಳಬಹುದಿತ್ತು. ಬಾಯಿಗೆ ಬರಲಿಲ್ಲ.

ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ, ಕಡೆಯ ಪಂಕ್ತಿ ಎದ್ದಿತ್ತು. ಎರ್ರಮ್ಮ ಹಿತ್ತಲಿಂದ ನೀರು ಹೊತ್ತುಕೊಂಡು ಬರುವಾಗ ನಡುಮನೆಯಲ್ಲಿ ನಗು ಕೇಳಿಸಿತು. ಬಾಗಿಲಲ್ಲಿ ನಿಂತು ನೋಡಿದಳು. ಬಸವಕ್ಕ ಅಜ್ಜಿಯ ಮುಂದೆ ಮಂಡಿಯೂರಿ ಎರಡು ಕುಪ್ಪಸದ ಕಣ ಹಿಡಿದಿದ್ದಳು, ಒಂದು ಹಸಿರು, ಒಂದು ಕೆಂಪು. "ಯಾವುದಜ್ಜಿ? ನಿಧಾನಕ್ಕ ಹೇಳು, ನನಗೇನು ಅವಸರ ಇಲ್ಲ" ಅನ್ನುತ್ತಿದ್ದಳು. ಮಹಾಂತಮ್ಮನ ಎಡಗೈ ಹಸಿರನ್ನು ದೂರ ತಳ್ಳಿ, ಕೆಂಪನ್ನು ಎಳೆದುಕೊಂಡು, ಮೊಮ್ಮಗಳ ಭುಜದ ಮೇಲೆ ಹರವಿ, ಹೇಗೆ ಕಾಣುತ್ತದೆಂದು ನೋಡುತ್ತಿತ್ತು. ವಾರೆಯಾದ ಬಾಯಿ ಪೂರ್ತಿ ನಗುತ್ತಿತ್ತು.

ಎರ್ರಮ್ಮ ಒಳಗೆ ಕಾಲಿಟ್ಟಳು. ಮುದುಕಿಯ ಕೈ ಸೆರಗಿನೊಳಗೆ ಹೋಯಿತು.

ಬಸವಕ್ಕ ಕಣಗಳನ್ನು ಮಡಿಚತೊಡಗಿದಳು. ಎರ್ರಮ್ಮ ಕೊಡ ಇಳಿಸಿ ಒಂದು ಚೊಂಬಿನಲ್ಲಿ ನೀರು ತುಂಬಿಕೊಂಡು ಹತ್ತಿರ ಬಂದು, ಬಗ್ಗಿ, ಮೆಲ್ಲಗೆ ಕೇಳಿದಳು. "ಅತ್ತೀ, ನೀರು ಬೇಕೇನ್ರಿ?"

ಮಹಾಂತಮ್ಮ ಆಕೆಯನ್ನು ನೋಡಿದಳು. ಹನ್ನೆರಡು ಮಂದಿಯ ಮುಂದೆ ರೊಟ್ಟಿ ಎತ್ತಿ ಹಿಡಿದವಳ ಕಣ್ಣು ಅವು, ಏನೂ ಕಡಿಮೆಯಾಗಿರಲಿಲ್ಲ. ಒಂದೊಂದು ಅಕ್ಷರವನ್ನೂ ಬಿಡಿಸಿ ಅಂದಳು.

"ಆ-ತು."

ಎರ್ರಮ್ಮ ಚೊಂಬು ಹಿಡಿದು ನಿಂತಳು. ಕೊಡಬೇಕೋ ಹಿಂದಕ್ಕೆ ಒಯ್ಯಬೇಕೋ ಆಕೆಗೆ ತಿಳಿಯಲಿಲ್ಲ.